ಓಟದ ಔಷಧಿ

ಗೋಡೆಯ ಒಳಗಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ತಂಬೂರಿಯ ಒಂದೇ ತಂತಿಯನ್ನು ಮೀಟಿ ಯಾರೋ ಎದ್ದುಹೋದ ಮೇಲೆ ಉಳಿಯುತ್ತದಲ್ಲ, ಅಷ್ಟು ಸಣ್ಣದು. ಊರೆಲ್ಲ ಮಲಗಿ ಬಹಳ ಹೊತ್ತಾಗಿತ್ತು. ನಾನು ಎದ್ದು ಕುಳಿತು ಪಕ್ಕದಲ್ಲಿ ಮಲಗಿದ್ದ ಗಂಡನ ಭುಜ ಅಲ್ಲಾಡಿಸಿದೆ.

“ರೀ, ಕೇಳಿಸ್ತಾ?”

“ಹ್ಞೂಂ, ಕೇಳಿಸ್ತು.”

“ಏನದು?”

“ಏನೋ ಇರ್ಬೇಕು. ಬೆಳಿಗ್ಗೆ ನೋಡಿದ್ರಾಯ್ತು.”

“ನಂಗೆ ಎದೆ ಹೊಡ್ಕೊಳ್ತಾ ಇದೆ.”

ಈ ಮಾತಿಗೆ ಅವರ ನಿದ್ದೆ ಹಾರಿತು. ಮಗ್ಗುಲಾಗಿ, ಅಂಗೈ ಮೇಲೆ ತಲೆಯಿಟ್ಟುಕೊಂಡು, ಹಬ್ಬದೂಟದ ಸುದ್ದಿ ಕೇಳುವವರ ಹಾಗೆ ಕೇಳಿದರು: “ಹೆಂಗೆ ಹೊಡ್ಕೊಳ್ತಿದೆ? ನಿಧಾನಕ್ಕೆ ಹೇಳು.”

ನನ್ನ ಗಂಡ ಶಿವನಂಜಪ್ಪನವರು ಹಾಲಿನ ವ್ಯಾನು ಓಡಿಸುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಈ ಊರಿನಲ್ಲಿ ಹುಟ್ಟಿದವರು. ಈ ಊರಿನಲ್ಲಿ ಹುಟ್ಟಿದ ಯಾರಿಗೂ ಹೆದರಿಕೆ ಆಗುವುದಿಲ್ಲ. ಬೆಚ್ಚುವುದು, ಬೆವರುವುದು, ಎದೆ ಡವಗುಟ್ಟುವುದು, ಇವೆಲ್ಲ ಅವರಿಗೆ ಸಮುದ್ರ ಇದ್ದ ಹಾಗೆ. ಇದೆ ಎಂದು ಕೇಳಿದ್ದಾರೆ, ನೋಡಿಲ್ಲ. ನಾನು ಹೊರಗಿನಿಂದ ಮದುವೆಯಾಗಿ ಬಂದವಳು. ಹೊಸದರಲ್ಲಿ ನನ್ನ ಗಂಡ ನನ್ನ ಮಣಿಕಟ್ಟು ಹಿಡಿದು, ನಾಡಿ ಓಡುವುದನ್ನು ಬೆರಳಿನಲ್ಲೇ ಕೇಳುತ್ತ ಹಾಗೇ ನಿದ್ದೆ ಹೋಗುತ್ತಿದ್ದರು. ಆ ರಾತ್ರಿಯೂ ಹೇಳಿದೆ. ಮೊದಲು ಹೊಟ್ಟೆಯಲ್ಲಿ ಏನೋ ಜಾರುತ್ತದೆ, ಬಾಯಿ ಒಣಗುತ್ತದೆ, ಆಮೇಲೆ ಕಿವಿ ದೊಡ್ಡದಾದ ಹಾಗಾಗುತ್ತದೆ ಎಂದೆ. ಕಿವಿಯ ಹತ್ತಿರ ಬರುವಷ್ಟರಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು. ಗುಂಯ್ ಸದ್ದು ಮಾತ್ರ ನಿಲ್ಲಲಿಲ್ಲ. ಅದು ಬರುತ್ತಿದ್ದದ್ದು ನಡುಮನೆಯ ಗೋಡೆ ಬೀರುವಿನಿಂದ. ಔಷಧಿ ಪೆಟ್ಟಿಗೆ ಇಡುವ ಜಾಗದಿಂದ.

ಹೆದರಿಕೆ ಇಲ್ಲದವರ ನಡುವೆ ಬಾಳುವುದು ಅಂದುಕೊಂಡಷ್ಟು ಸುಲಭವಲ್ಲ. ಬಸ್ಸು ಹಾರ್ನ್ ಮಾಡಿದರೆ ಇಲ್ಲಿ ಯಾರೂ ಪಕ್ಕಕ್ಕೆ ಹಾರುವುದಿಲ್ಲ. ಹಿಡಿದ ಮಾತು ಮುಗಿಸಿ, ತಿರುಗಿ ನೋಡಿ, ಡ್ರೈವರನ ಯೋಗಕ್ಷೇಮ ವಿಚಾರಿಸಿ, ಆಮೇಲೆ ಸರಿಯುತ್ತಾರೆ. ಹೊರಗಿನ ಡ್ರೈವರುಗಳು ನಮ್ಮ ಊರಿನ ಗಡಿಯಲ್ಲಿ ಬಸ್ಸು ನಿಲ್ಲಿಸಿ, ಒಂದು ಬೀಡಿ ಸೇದಿ, ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ಬರುತ್ತಾರೆ. ಕಾಗೆಗಳು ಹಪ್ಪಳ ಕಾಯುವ ಮುದುಕಿಯ ತಲೆಯ ಮೇಲೆಯೇ ಕುಳಿತು ಹಪ್ಪಳ ತಿನ್ನುತ್ತವೆ. ಯಾರೂ ಓಡುವುದಿಲ್ಲ. ಕೈಯಲ್ಲಿರುವ ಕೆಲಸ ಮುಗಿಸಿಯೇ ಏಳುವುದು ಇಲ್ಲಿನ ಮರ್ಯಾದೆ. ಅರ್ಧಕ್ಕೆ ಬಿಟ್ಟು ಎದ್ದರೆ “ಮನೇಲಿ ಕಲಿಸಿಲ್ಲ” ಎನ್ನುತ್ತಾರೆ.

ಇಂಥಲ್ಲಿಗೆ ಹೆದರುವ ಸೊಸೆ ಬಂದದ್ದು ಊರಿಗೆ ಒಂದು ಹೊಸ ಉಪಕರಣ ಬಂದ ಹಾಗಾಯಿತು. ಬೆಳಗಾದರೆ ಬಾಗಿಲಲ್ಲಿ ಜನ. “ಮಂಗಳಮ್ಮಾ, ಈ ಅಣಬೆ ಒಂಚೂರು ನೋಡಿ.” “ಮಂಗಳಕ್ಕಾ, ನಮ್ಮ ಹಿತ್ತಲ ಗೋಡೆ ಹತ್ರ ಬಂದು ಒಂದು ಗಳಿಗೆ ನಿಂತ್ಕೊಳ್ಳಿ.” ಅವರಿಗೆ ನನ್ನ ಅಭಿಪ್ರಾಯ ಬೇಕಿರಲಿಲ್ಲ, ಮುಖ ಬೇಕಿತ್ತು. ಗೋಡೆಯ ಪಕ್ಕ ನಿಂತಾಗ ನನ್ನ ಬಣ್ಣ ಇಳಿದರೆ ಗೋಡೆ ಕೆಡವಿಸುತ್ತಿದ್ದರು. ಇಳಿಯದಿದ್ದರೆ “ಗಟ್ಟಿಯಾಗಿದೆ” ಎಂದು ಹಸುವನ್ನು ಅಲ್ಲೇ ಕಟ್ಟುತ್ತಿದ್ದರು. ಒಮ್ಮೆ ನನಗೆ ಬರೀ ತಲೆನೋವಿದ್ದು ಮುಖ ಸಪ್ಪಗಿದ್ದದ್ದಕ್ಕೆ ಒಳ್ಳೆಯ ಕುಂಬಳಕಾಯಿಯೊಂದನ್ನು ಕೆರೆಗೆ ಎಸೆದುಬಿಟ್ಟರು. ಎಲ್ಲರಿಗೂ ನನ್ನ ಮೇಲೆ ಪ್ರೀತಿಯೇ, ಮನೆಗೆ ಬಂದ ಗಿಣಿಯ ಮೇಲಿರುವಂಥ ಪ್ರೀತಿ. ನಗುತ್ತಿದ್ದವರು ನನ್ನ ಅತ್ತೆಯೊಬ್ಬರೇ.

ಅತ್ತೆ ದೇವೀರಮ್ಮ ನರ್ಸ್ ಆಗಿದ್ದವರು. ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಈಗ ವಾರಕ್ಕೊಮ್ಮೆ ಡಾಕ್ಟರು ಬಂದುಹೋಗುವ ಒಂದು ಕೋಣೆ. ದೊಡ್ಡ ಆಸ್ಪತ್ರೆ ಇರುವುದು ಗುಡ್ಡದ ಆಚೆಯ ಪೇಟೆಯಲ್ಲಿ. ಅದಕ್ಕೇ ಅಡ್ರಿನಲಿನ್ ಇರುವ ಪೆಟ್ಟಿಗೆಯೊಂದನ್ನು ಊರಿನ ಒಂದು ಮನೆಯಲ್ಲಿ ಇಟ್ಟಿರುತ್ತಾರೆ. ಯಾರಿಗಾದರೂ ಹುಳ ಕಚ್ಚಿಯೋ, ತಿಂದದ್ದು ಒಗ್ಗದೆಯೋ ಮೈಯೆಲ್ಲ ದದ್ದು ಎದ್ದು, ಗಂಟಲು ಊದಿ ಉಸಿರು ಸಿಕ್ಕಿಕೊಂಡರೆ ಪೆಟ್ಟಿಗೆಯವರು ಹೋಗಿ ತೊಡೆಗೆ ಸೂಜಿ ಹಾಕಬೇಕು. ಊರವರು ಅದನ್ನು ಓಟದ ಔಷಧಿ ಎನ್ನುತ್ತಾರೆ. ಎಂದೂ ಓಡದವರು ಆ ಹೆಸರನ್ನು ಎಲ್ಲಿಂದ ತಂದರೋ! ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಸೋತು ನಿಧಾನವಾಗುತ್ತಿದ್ದ ಕಪ್ಪೆಯ ಹೃದಯದ ಮೇಲೆ ಮೇಷ್ಟ್ರು ಒಂದು ಹನಿ ಅಡ್ರಿನಲಿನ್ ಬಿಟ್ಟಾಗ ಅದು ಹೇಗೆ ಹಾರಿ ಹಾರಿ ಬಡಿದುಕೊಂಡಿತೆಂದು ಕಣ್ಣಾರೆ ನೋಡಿದ್ದೆ. ನನ್ನ ಮೈಯಲ್ಲಿ ಮಾತುಮಾತಿಗೂ ತಾನಾಗಿ ಉಕ್ಕುವುದು ಅದೇ. ಈ ಊರಿಗೆ ಅದು ಗಾಜಿನ ಪುಟ್ಟ ಸೀಸೆಗಳಲ್ಲಿ ಹೊರಗಿನಿಂದ ಬರಬೇಕು.

ಪೆಟ್ಟಿಗೆಗೆ ಒಂದು ಕಟ್ಟಳೆಯಿತ್ತು. ನಡುಗುವ ಕೈ ಅದನ್ನು ಮುಟ್ಟಬಾರದು. ವರ್ಷಕ್ಕೊಂದು ದಿನ ಊರು ಕೆರೆಯ ಕಟ್ಟೆಯ ಮೇಲೆ ಸೇರುತ್ತದೆ. ಪೆಟ್ಟಿಗೆಯವರು ಬಾಯಿತನಕ ನೀರು ತುಂಬಿದ ಲೋಟವನ್ನು ಕೈ ಚಾಚಿ ಹಿಡಿದು, ಹಿರಿಯರು ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ನಿಲ್ಲಬೇಕು. ಒಂದು ಹನಿ ಬಿದ್ದರೂ ಪೆಟ್ಟಿಗೆ ಬೇರೆ ಮನೆಗೆ ಹೋಗುತ್ತದೆ. ಅತ್ತೆಯ ಲೋಟದಿಂದ ಎಂದೂ ಹನಿ ಬಿದ್ದಿರಲಿಲ್ಲ. ಅವರು ಸೋತರೆ ಮುಂದಿನ ಸರದಿ ಎದುರುಮನೆಯ ಟೈಲರ್ ರಾಚಪ್ಪನದು. ಸೂಜಿಯ ಕೆಲಸವೆಲ್ಲ ಹುಟ್ಟಿನಿಂದಲೇ ತನ್ನದು ಎಂದು ಅವನ ನಂಬಿಕೆ.

“ದೇವೀರಕ್ಕಾ, ನಡುಗೋ ಸೊಸೇನ ಮನೇಲಿಟ್ಕೊಂಡಿದೀರ. ನಡುಕ ಅಂಟು ಜಾಡ್ಯ ಅಂತಾರೆ, ಹುಷಾರು” ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ.

“ಅಂಟೋದಾಗಿದ್ರೆ ನಿಂಗೆ ನಿನ್ನ ಹೆಂಡ್ತಿಯಿಂದ ಇಷ್ಟೊತ್ತಿಗೆ ಬುದ್ಧಿ ಅಂಟಿರೋದು ಕಣೋ” ಎಂದು ಅತ್ತೆ ಜಗಲಿಯಿಂದಲೇ ಉತ್ತರ ಕೊಡುತ್ತಿದ್ದರು.

ಅತ್ತೆಯ ಹೆಮ್ಮೆಯ ಕತೆಯೊಂದಿತ್ತು. ಎಣ್ಣೆ ಗಾಣದ ಈರಪ್ಪನಿಗೆ ಜೇನು ಕಚ್ಚಿದಾಗಿನದು. “ಗಂಟ್ಲು ಕಟ್ಟಿ ಬಿದ್ದಿದ್ದ. ಕರೆಯೋಕೆ ಬಂದಾಗ ನಾನು ಅವಲಕ್ಕಿ ತಿಂತಿದ್ದೆ. ತಟ್ಟೆ ಮುಗಿಸಿ, ತೊಳ್ದಿಟ್ಟು ಹೋದೆ. ಏನಾಯ್ತು ಹೇಳು? ಒಂದಕ್ಕೆ ಎರಡು ಸೂಜಿ ಹಾಕ್ದೆ, ಬದುಕ್ದ. ಮಜ ಏನ್ ಗೊತ್ತಾ, ಸೂಜಿ ಬಿದ್ಮೇಲೆ ಅಷ್ಟು ದೊಡ್ಡ ಗಂಡ್ಸು ನನ್ನ ಸೆರಗು ಹಿಡ್ಕೊಂಡು ಬಿಡ್ಲೇ ಇಲ್ಲ!” ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು. ಅವಲಕ್ಕಿಯ ಮಾತು ಬಂದಾಗಲೆಲ್ಲ ನಾನು ಮೆಲ್ಲಗೆ ಹೇಳುತ್ತಿದ್ದೆ:

“ಅತ್ತೆ, ಅದು ಕಾಯೋ ಔಷಧಿ ಅಲ್ಲ. ತಡವಾದಷ್ಟೂ ಕಷ್ಟ.”

“ನೀನು ಓದಿದೀಯ, ನಾನು ಹಾಕಿದೀನಿ. ಬೇಳೆ ಉಕ್ತಿದೆ ನೋಡು ಹೋಗು.”

ಈರಪ್ಪನಂತೂ ಆ ವಿಷಯವನ್ನು ಯಾರ ಮುಂದೆಯೂ ಎತ್ತಿದ್ದಿಲ್ಲ. ರಸ್ತೆ ದಾಟುವಾಗ ಎರಡೂ ಕಡೆ ನೋಡುವ ಅಭ್ಯಾಸ ಮಾತ್ರ ಅವನಿಗೆ ಆಮೇಲೆ ಬಂದಿತ್ತು. ಇಡೀ ಊರಿನಲ್ಲಿ ಹಾಗೆ ನೋಡುತ್ತಿದ್ದವರು ಅವನು, ನಾನು, ಇಬ್ಬರೇ.

ಗುಂಯ್ ಸದ್ದು ಕೇಳಿದ ಮರುದಿನ ಬೆಳಿಗ್ಗೆ ಗೋಡೆ ಬೀರುವಿನ ಬಾಗಿಲು ತೆರೆದು ನೋಡಿದೆವು. ಪೆಟ್ಟಿಗೆಯ ಹಿಂದೆ, ಮೂಲೆಯಲ್ಲಿ, ಬೂದಿ ಬಣ್ಣದ ಕಾಗದದಿಂದ ಮಾಡಿದಂಥ ಒಂದು ಗೂಡು. ಗೋಡೆಯ ಬಿರುಕಿನಿಂದ ಕಣಜದ ಹುಳಗಳು ಬಂದುಹೋಗಿ ಮಾಡುತ್ತಿದ್ದವು. ನಾನು ಹಿಂದಕ್ಕೆ ಹಾರಿ ಒರಳಿಗೆ ಕಾಲು ತಾಗಿಸಿಕೊಂಡೆ. ಅತ್ತೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

“ಎಷ್ಟು ಚೆನ್ನಾಗಿ ಕಟ್ಟಿದಾವೆ!”

“ಅತ್ತೆ, ಇವನ್ನ ತೆಗೆಸ್ಬೇಕು. ಹೋದ ತಿಂಗ್ಳು ಹಿತ್ತಲಲ್ಲಿ ಇವೇ ಕಚ್ಚಿದಾಗ ನಿಮ್ಮ ಕೈ ಹೆಗಲವರೆಗೂ ಊದಿತ್ತು. ಮರ್ತ್ರಾ?”

“ಇಳೀತಲ್ಲ.”

“ಮುಂದಿನ್ಸಲ ಇಳೀದೇ ಹೋದ್ರೆ?”

“ಅವಕ್ಕೂ ಮನೆ ಬೇಡ್ವೇನೆ? ನೀನು ಬಂದಾಗ ನಿನ್ನೂ ಹಿಂಗೇ ಇಟ್ಕೊಂಡ್ವಿ. ನೀನೂ ರಾತ್ರಿಯೆಲ್ಲ ಗುಂಯ್ ಅಂತಿದ್ದೆ.”

ಲೋಟ ಹಿಡಿಯುವ ದಿನ ಹತ್ತಿರ ಬರುತ್ತಿತ್ತು. ಅಂದು ಪೆಟ್ಟಿಗೆಯನ್ನೂ ಕಟ್ಟೆಯ ಮೇಲಿಟ್ಟು ಊರಿಗೆ ತೋರಿಸಬೇಕು. ಹಾಗಾಗಿ ಆ ವಾರವೇ ಒಂದು ಬೆಳಿಗ್ಗೆ, ನನ್ನ ಗಂಡ ಹಾಲು ಹಾಕಲು ಹೋಗಿದ್ದಾಗ, ಅತ್ತೆ ಪೆಟ್ಟಿಗೆಯನ್ನು ಒರೆಸಿಡಲು ಹೊರಗೆಳೆದರು. ನಾನು ಅಡುಗೆಮನೆಯಲ್ಲಿದ್ದೆ. “ಸ್ಸ್” ಎನ್ನುವುದೊಂದು ಕೇಳಿಸಿತು, ಅಷ್ಟೇ. ಒಳಗೆ ಬಂದವರು ಕತ್ತಿನ ಹಿಂಭಾಗ ಉಜ್ಜಿಕೊಳ್ಳುತ್ತ, ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯ ಮುಂದೆ ಕುಳಿತು ಒಂದೊಂದೇ ಕಾಳಿನ ಸಿಪ್ಪೆ ಹಿಚುಕತೊಡಗಿದರು.

“ಕಚ್ಚಿತಾ ಅತ್ತೆ?”

“ಎರಡು ಕಚ್ಚಿದ್ವು. ಪಾಪ, ಪೆಟ್ಟಿಗೆ ಎಳೆದದ್ದು ನಂದೇ ತಪ್ಪು.”

ನಾನು ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತ ಕುಳಿತೆ. ನೋಡುವುದು ನನಗೆ ಬರುವ ವಿದ್ಯೆ. ಅವರು ಒಂದು ಕಾಳು ಹಿಚುಕಿ ಅಂಗೈ ತುರಿಸಿಕೊಂಡರು. ಇನ್ನೊಂದು ಹಿಚುಕಿ ಅಂಗಾಲು ತುರಿಸಿಕೊಂಡರು. “ಅವರೆಕಾಯಿ ಸೊನೆ ಇರ್ಬೇಕು” ಎಂದರು. ಸೊನೆ ಅಂಗಾಲಿಗೆ ಹೇಗೆ ಹೋಯಿತು? ಕತ್ತಿನಿಂದ ಕೆನ್ನೆಗೆ ಕೆಂಪು ಹತ್ತುತ್ತಿತ್ತು. ಕೆಳತುಟಿ ಒಂದು ಕಡೆ ದಪ್ಪವಾಯಿತು. ಮಾತಾಡಿದಾಗ ದನಿ ಗಂಟಲಲ್ಲೇ ಉಳಿದು, ತಗಡು ಕೆರೆದ ಹಾಗೆ ಬಂತು.

“ಅತ್ತೆ, ಪೆಟ್ಟಿಗೆ ತರ್ತೀನಿ.”

“ಮುಟ್ಬೇಡ! ನಡುಗೋ ಕೈ ಮುಟ್ಟಿದ್ರೆ ಪೆಟ್ಟಿಗೆ ಮನೆಯಿಂದ ಹೋಗುತ್ತೆ. ಈ ಕಾಳು ಮುಗೀಲಿ. ಒಂದು ತುರಿಕೆ ಮಾತ್ರೆ ನುಂಗಿದ್ರೆ ಸರಿಹೋಗುತ್ತೆ.”

ಪಾತ್ರೆಯಲ್ಲಿ ಇನ್ನೂ ಅರ್ಧದಷ್ಟು ಕಾಳಿತ್ತು. ಅವರು ಒಂದು ಕಾಳು ಹಿಚುಕಲು ಹೋದರು. ಅದು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಎಂದೂ ತಪ್ಪದ ಆ ಬೆರಳುಗಳು ಕಾಳನ್ನು ಹುಡುಕುತ್ತಿದ್ದವು. “ಕಣ್ಣು ಕತ್ತಲೆ ಬರ್ತಿದೆ ಕಣೆ, ಒಂಚೂರು ಎದ್ದು ಗಾಳಿಗೆ ಹೋಗ್ತೀನಿ” ಎಂದು ನೆಲಕ್ಕೆ ಕೈಯೂರಿದರು.

ಏಳಬಾರದು ಎನ್ನುವುದು ನನಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ನಿಂತವರು ನಿಂತಲ್ಲೇ ಹೋಗಿಬಿಡುವುದುಂಟು. ಕಾಲಿಗಿಳಿದ ರಕ್ತ ಎದೆಗೆ ಮರಳುವುದಿಲ್ಲ. ಎರಡೂ ಹೆಗಲು ಹಿಡಿದು ಅತ್ತೆಯನ್ನು ಹಿಂದಕ್ಕೆ ತಳ್ಳಿದೆ. ಮದುವೆಯಾದಾಗಿನಿಂದ ಅವರಿಗೆ ಎದುರು ಮಾತಾಡಲೂ ಹಿಂಜರಿದವಳು ನಾನು. ಅವರ ತಲೆಯ ಕೆಳಗೆ ಗೋಣಿಚೀಲ ಮಡಚಿಟ್ಟು, ಕಾಳಿನ ಪಾತ್ರೆಯನ್ನೇ ಬೋರಲು ಹಾಕಿ ಕಾಲು ಅದರ ಮೇಲೆ ಎತ್ತಿಟ್ಟೆ. ಅವರೆಕಾಳು ಅಡುಗೆಮನೆಯ ತುಂಬ ಉರುಳಿತು.

“ಕಾಳು!” ಎಂದು ಅತ್ತೆ ಉಬ್ಬಿದ ತುಟಿಯಲ್ಲೇ ಬೈದರು.

ಪೆಟ್ಟಿಗೆ ನಡುಮನೆಯ ನೆಲದ ಮೇಲಿತ್ತು. ತೆರೆದೆ. ಅತ್ತೆ ಅದನ್ನು ಒರೆಸುವಾಗಲೆಲ್ಲ ಹೆದರಿ ಹೆದರಿ ನೋಡಿದ್ದ ನನಗೆ ಪ್ರತಿಯೊಂದು ವಸ್ತುವಿನ ಜಾಗವೂ ಗೊತ್ತಿತ್ತು. ಕೈ ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಮೊದಲ ಸೀಸೆಯ ಕತ್ತು ಮುರಿಯಲು ಹೋಗಿ ಸೀಸೆಯೇ ಪುಡಿಯಾಯಿತು. ಎರಡನೆಯದನ್ನು ಸೆರಗಿನಲ್ಲಿ ಹಿಡಿದು ಮುರಿದೆ. ಸಿರಿಂಜಿಗೆ ಎಳೆಯುವಾಗ ಸೂಜಿ ಸೀಸೆಯ ಬಾಯಿಗೆ ಟಣಟಣ ಬಡಿಯುತ್ತಿತ್ತು.

“ಗೆರೆ ನೋಡು... ಅರ್ಧ... ಗಾಳಿ ತೆಗಿ” ಎಂದು ಮಲಗಿದಲ್ಲಿಂದಲೇ ಕೆರೆಯುವ ದನಿ ಬಂತು. ಮಾತಿಗೊಮ್ಮೆ ಉಸಿರು ಸಿಳ್ಳು ಹಾಕುತ್ತಿತ್ತು.

“ಕೈ ನಡುಗ್ತಿದೆ ಅತ್ತೆ. ತಪ್ಪಿದ್ರೆ?”

“ತೊಡೆ ನೋಡೆ... ಬಾಗಿಲಷ್ಟು ಅಗಲ ಇದೆ. ನಡುಗಿದ್ರೂ... ತಪ್ಪೋಕಾಗಲ್ಲ.”

ಸೀರೆಯ ಮೇಲಿನಿಂದಲೇ ತೊಡೆಯ ಹೊರಬದಿಗೆ, ನಡುಭಾಗಕ್ಕೆ, ಸೂಜಿ ಇಳಿಸಿ ಒತ್ತಿದೆ. ಅತ್ತೆ ಹೇಳಿದ್ದು ನಿಜ. ತಪ್ಪಲಿಲ್ಲ. ಅಷ್ಟು ವರ್ಷ ಊರವರು ನೀರಿನ ಲೋಟ ಹಿಡಿಸಿ ಪರೀಕ್ಷೆ ಮಾಡಿದ ಕೆಲಸಕ್ಕೆ ಅಲುಗದ ಕೈಯೇ ಬೇಕಿರಲಿಲ್ಲ.

ಇನ್ನು ವ್ಯಾನು ಬೇಕು. ಔಷಧಿ ಕೆಲಸ ಮಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ಇಳಿದದ್ದು ಮತ್ತೆ ಏರಬಹುದು. ಬಾಗಿಲಿಗೆ ಬಂದು ಕೂಗಿದೆ: “ರಾಚಪ್ಪಾ! ನಮ್ಮನೆಯವರನ್ನ ಕರ್ಕೊಂಡು ಬಾ, ವ್ಯಾನು ತರ್ಬೇಕು, ಈಗ್ಲೇ!”

ಎದುರು ಜಗಲಿಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ರಾಚಪ್ಪ ಸಮಾಧಾನದಿಂದ “ಆಗ್ಲಿ ಮಂಗಳಮ್ಮ, ಇದೊಂದು ಗುಂಡಿ ಮುಗಿಸಿ ಹೋಗ್ತೀನಿ” ಎಂದ.

“ಅತ್ತೆಗೆ ಕಣಜ ಕಚ್ಚಿದೆ!”

“ಅಯ್ಯೋ. ಹಂಗಾದ್ರೆ ಇದೊಂದೇ ಗುಂಡಿ.”

ಇವನಿಗೆ ಮಾತಿನಿಂದ ಏನೂ ಆಗುವುದಿಲ್ಲ ಎಂದು ಆಗ ಹೊಳೆಯಿತು. ಇವರಿಗೆ ಬೇಕಾದದ್ದು ಬೇರೆ. “ರಾಚಪ್ಪಾ, ನನ್ನ ಮುಖ ನೋಡು!” ಎಂದೆ.

ಅವನು ತಲೆಯೆತ್ತಿ ನೋಡಿದ. ಗೋಡೆಗೆ, ಅಣಬೆಗೆ, ಬಿರುಕು ಬಿಟ್ಟ ಬಾವಿಕಟ್ಟೆಗೆ ಅವನೂ ಈ ಮುಖ ನೋಡಿದ್ದವನೇ. ಇಷ್ಟು ಬಿಳುಚಿದ್ದನ್ನು ಎಂದೂ ನೋಡಿರಲಿಲ್ಲವೇನೋ. ಅವನ ಕೈಯಿಂದ ಅಂಗಿ ಜಾರಿತು. ಗುಂಡಿ ದಾರದಲ್ಲೇ ತೂಗಾಡುತ್ತಿರಲು ಎದ್ದ. ಓಡಲಿಲ್ಲ, ಅದು ಅವನಿಗೆ ಬರುತ್ತಿರಲಿಲ್ಲ. ಆದರೆ ಯಾರನ್ನೂ ಮಾತಾಡಿಸದೆ, ಚಪ್ಪಲಿಯನ್ನೂ ಮೆಟ್ಟದೆ, ಬೀದಿಯ ನಡುವೆಯೇ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಹೋದ. ಗುಂಡಿ ಅರ್ಧಕ್ಕೆ ಬಿಟ್ಟು ಹೋದದ್ದನ್ನು ನೋಡಲು ಜನ ಮನೆಗಳಿಂದ ಹೊರಗೆ ಬಂದರು.

ಒಳಗೆ ಬಂದರೆ ಅತ್ತೆಯ ಉಸಿರಿನ ಸಿಳ್ಳು ಕಡಿಮೆಯಾಗಿತ್ತು. ಮುಖ ಮಾತ್ರ ಬೆಳ್ಳಗೆ, ಕಣ್ಣು ಅಗಲ. ಅವರು ತಮ್ಮ ಕೈಯನ್ನೇ ಮುಖದ ಮುಂದೆ ಹಿಡಿದು ನೋಡುತ್ತಿದ್ದರು. ಆ ಕೈ ಗಾಳಿಗೆ ಸಿಕ್ಕಿದ ಅರಳಿ ಎಲೆಯ ಹಾಗೆ ಅಲುಗುತ್ತಿತ್ತು.

“ಮಂಗಳಾ, ಎದೆಯೊಳಗೆ ಯಾರೋ ಓಡ್ತಿದಾರೆ ಕಣೆ.”

“ಔಷಧಿ ಅತ್ತೆ. ಕೆಲ್ಸ ಮಾಡ್ತಿದೆ.”

“ಏನೋ ಆಗುತ್ತೆ ಅನ್ನಿಸ್ತಿದೆ. ಏನು ಅಂತ ಗೊತ್ತಾಗ್ತಿಲ್ಲ. ಆ ಬಾಗಿಲ ಹಿಂದೆ ಏನೋ ನಿಂತಿದೆ. ನೀನು ಹೋಗ್ಬೇಡ.” ಅವರ ಕೈ ನನ್ನ ಸೆರಗನ್ನು ಹುಡುಕಿ, ಗಟ್ಟಿಯಾಗಿ ಹಿಡಿದುಕೊಂಡಿತು.

“ಬಾಗಿಲ ಹಿಂದೆ ಪೊರಕೆ ಇದೆ, ಅಷ್ಟೇ. ಅತ್ತೆ, ಇದೇ ಹೆದರಿಕೆ.”

“ಇದಾ?”

“ಇದೇ.”

ಅವರು ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟು ಅದನ್ನು ತಡವಿ ನೋಡಿದರು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. “ನಿಂಗೆ ದಿನಾ ಹಿಂಗಾಗುತ್ತಾ?”

“ಇಷ್ಟಲ್ಲ. ಆದ್ರೆ ದಿನಾ ಆಗುತ್ತೆ.”

“ಇದನ್ನ ಇಟ್ಕೊಂಡು ಸಾರು ಮಾಡ್ತೀಯಾ?”

“ಮಾಡ್ತೀನಲ್ಲ ಅತ್ತೆ.”

“ಉಪ್ಪು ಸರಿಯಾಗೇ ಇರುತ್ತಲ್ಲೇ!” ಎಂದು ಅವರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಐದು ನಿಮಿಷದಲ್ಲಿ ಇಳಿಯದಿದ್ದರೆ ಹಾಕಬೇಕೆಂದು ತುಂಬಿಟ್ಟಿದ್ದ ಎರಡನೆಯ ಸೂಜಿ ಬೇಕಾಗಲಿಲ್ಲ. ಅದನ್ನು ಒಂದು ಕೈಯಲ್ಲಿ, ಅತ್ತೆಯ ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡೇ ವ್ಯಾನಿನ ಸದ್ದಿಗೆ ಕಾದೆ. ಎರಡು ಕೈಗಳೂ ನಡುಗುತ್ತಿದ್ದವು. ಯಾವುದು ಯಾರ ನಡುಕವೋ ಗೊತ್ತಾಗುತ್ತಿರಲಿಲ್ಲ.

ವ್ಯಾನಿನಲ್ಲಿ ಹಾಲಿನ ಕ್ಯಾನುಗಳ ನಡುವೆ ಅತ್ತೆಯನ್ನು ಮಲಗಿಸಿಕೊಂಡು ಗುಡ್ಡ ದಾಟಿದೆವು. ರಾಚಪ್ಪನೂ ಬರಿಗಾಲಲ್ಲೇ ಹತ್ತಿದ್ದ. ಆಸ್ಪತ್ರೆಯ ಡಾಕ್ಟರು ನೋಡಿ, “ಸೂಜಿ ಸರಿಯಾದ ಹೊತ್ತಿಗೆ ಬಿದ್ದಿದೆ. ಕಾದಿದ್ರೆ ಕಷ್ಟವಿತ್ತು. ಯಾರು ಹಾಕಿದ್ದು?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ರಾಚಪ್ಪ ಎದೆಯುಬ್ಬಿಸಿ ಹೇಳಿದ: “ಇನ್ಯಾರು ಸಾರ್? ಅವರೇ! ನಮ್ಮೂರ ದೇವೀರಕ್ಕ. ಅಂಥ ಹೊತ್ತಲ್ಲೂ ಅವರ ಕೈ ಅಲುಗಲ್ಲ.” ಅತ್ತೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಕೈ ಒಳಗಿತ್ತು.

ಆ ರಾತ್ರಿ ಅಲ್ಲೇ ಇಟ್ಟುಕೊಂಡರು. ಗಂಡಸರು ಟೀ ಕುಡಿಯಲು ಹೋದಾಗ ಅತ್ತೆ ಮೆಲ್ಲಗೆ ಹೇಳಿದರು: “ಈರಪ್ಪ ನನ್ನ ಸೆರಗು ಹಿಡ್ಕೊಂಡಾಗ ನಾನು ನಕ್ಕಿದ್ದೆ ಕಣೆ. ಅವಲಕ್ಕಿ ತಿಂದು, ತಟ್ಟೆ ತೊಳ್ದು, ಆಮೇಲೆ ಹೋಗಿದ್ದೆ.” ಆ ಕತೆಗೆ ಅವರು ನಗದಿದ್ದದ್ದು ಅದೇ ಮೊದಲು.

ನಾವು ಮರಳುವಷ್ಟರಲ್ಲಿ ಊರಿನಲ್ಲಿ ಕತೆ ಬೆಳೆದಿತ್ತು. ದೇವೀರಮ್ಮ ಒಂದು ಕೈಯಲ್ಲಿ ಅವರೆಕಾಳು ಹಿಚುಕುತ್ತ ಇನ್ನೊಂದು ಕೈಯಲ್ಲಿ ತಾವೇ ಚುಚ್ಚಿಕೊಂಡರಂತೆ. ರಾಚಪ್ಪ ಗುಂಡಿಯ ಅಂಗಿಯವನ ಮನೆಗೆ ಹೋಗಿ ಕ್ಷಮೆ ಕೇಳಿ, ಮೊದಲಿನಿಂದ ಹೊಲಿದುಕೊಟ್ಟು, “ಇನ್ನೊಂದ್ಸಲ ಹಂಗೆ ಆಗಲ್ಲ” ಎಂದು ಮಾತು ಕೊಟ್ಟಿದ್ದ. ಕಣಜದ ಗೂಡನ್ನು ಹೊರಗಿನಿಂದ ಬಂದವನೊಬ್ಬ ಹೊಗೆ ಹಾಕಿ ತೆಗೆದ. ಅಷ್ಟು ಹೊತ್ತೂ ಅತ್ತೆ ಹಿತ್ತಲ ಕೊನೆಯಲ್ಲಿ ನನ್ನ ಬೆನ್ನ ಹಿಂದೆ ನಿಂತಿದ್ದರು.

“ಒಂದ್ಸಲ ಬಂದಿದ್ದು ಹೋಗಲ್ವೇನೆ ಇದು?”

“ಔಷಧಿ ಆವತ್ತೇ ಇಳೀತು ಅತ್ತೆ. ಹೆದರಿಕೆಗೆ ದಾರಿ ಗೊತ್ತಾಗಿಬಿಟ್ಟಿದೆ, ಅದಕ್ಕೆ ಆಗಾಗ ಬರುತ್ತೆ. ಬಂದ್ರೆ ಕೂರಿಸಿ ಕಳಿಸ್ಬೇಕು.”

“ನಿನ್ನ ಹಂಗೆ.”

“ನನ್ನ ಹಂಗೇ.”

ಲೋಟದ ದಿನಕ್ಕೆ ಸ್ವಲ್ಪ ಮೊದಲು, ಮಧ್ಯಾಹ್ನ, ಬಳೆಗಾರರ ಮನೆಯವಳು ಬಂದು, “ಮಗೂ ತುಟಿ ಒಂಥರಾ ಆಗಿದೆ, ಬಿಡುವಾದಾಗ ಬನ್ನಿ” ಎಂದು ಬಾಗಿಲಲ್ಲೇ ಹೇಳಿದಳು. ಅತ್ತೆ ಅವಲಕ್ಕಿ ತಿನ್ನುತ್ತಿದ್ದರು. ತಟ್ಟೆ ನೆಲಕ್ಕೆ ತಾಗಿದ ಸದ್ದು ನನಗೆ ಕೇಳಿಸುವಷ್ಟರಲ್ಲಿ ಅವರು ಪೆಟ್ಟಿಗೆ ಹಿಡಿದು ಬೀದಿಗೆ ಇಳಿದಾಗಿತ್ತು. ಅರ್ಧ ನಡಿಗೆ, ಅರ್ಧ ಓಟ. ಮಗು ನೇರಳೆ ಹಣ್ಣು ತಿಂದು ತುಟಿ ಬಣ್ಣ ಮಾಡಿಕೊಂಡಿತ್ತು. ಮೂರು ಸಲ ತುಟಿ ಒರೆಸಿ ನೋಡಿದ ಮೇಲೆಯೇ ಅತ್ತೆ ನಂಬಿದರು. ಮನೆಗೆ ಬಂದು ಆರಿದ ಅವಲಕ್ಕಿಯ ಮುಂದೆ ಕುಳಿತು ಎದೆ ನೀವಿಕೊಳ್ಳುತ್ತ, “ನಿಜ ಹೇಳ್ಬಿಡ್ಲೇನೆ? ನಡುಗೋ ಕೈಯೇ ನನ್ನ ಉಳಿಸಿದ್ದು ಅಂತ? ಲೋಟ ನಾನು ಹಿಡಿಯೋಕಾಗಲ್ಲ ಅನ್ನಿಸ್ತಿದೆ” ಎಂದರು.

ಹೇಳಿದರೆ ನನ್ನ ಹೆಸರು ನಿಲ್ಲುತ್ತಿತ್ತು. ಅದನ್ನು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಟ್ಟಳೆ ಕಟ್ಟಳೆಯೇ. ನಡುಗುವ ಕೈ ಮುಟ್ಟಿದ ಮನೆಯಲ್ಲಿ ಪೆಟ್ಟಿಗೆ ಉಳಿಯುವುದಿಲ್ಲ. ಅದು ರಾಚಪ್ಪನ ಜಗಲಿಗೆ ಹೋಗುತ್ತದೆ. ಯಾರದೋ ಗಂಟಲು ಕಟ್ಟುತ್ತಿರುವಾಗ ಅವನು ಒಂದೊಂದೇ ಗುಂಡಿ ಮುಗಿಸುತ್ತಾನೆ. ನಾನು ಅರ್ಧ ಉಳಿದ ಅವಲಕ್ಕಿಯ ತಟ್ಟೆಯನ್ನು ನೋಡಿದೆ. “ಹಿಡೀರಿ ಅತ್ತೆ, ನಾನು ಎದುರಿಗೇ ನಿಂತಿರ್ತೀನಿ” ಎಂದೆ.

ಕೆರೆಯ ಕಟ್ಟೆಯ ಮೇಲೆ ಊರೆಲ್ಲ ನೆರೆದಿತ್ತು. ಅತ್ತೆ ಕೆಲಸದಲ್ಲಿದ್ದಾಗಿನ ನೀಲಿ ಅಂಚಿನ ಬಿಳಿ ಸೀರೆ ಉಟ್ಟಿದ್ದರು. ಹಿರಿಯರು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡರು. ಅತ್ತೆ ಲೋಟ ತೆಗೆದುಕೊಂಡು ಕೈ ಚಾಚಿದರು. ಕಣ್ಣು ನನ್ನ ಮೇಲೆಯೇ. ನಾನು ನನ್ನ ಮುಖವನ್ನು ಎಷ್ಟು ಸಮಾಧಾನವಾಗಿ ಇಟ್ಟುಕೊಳ್ಳಬಹುದೋ ಅಷ್ಟು ಇಟ್ಟುಕೊಂಡೆ. ಬಹುಶಃ ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ. ಜನ ಹರಟುತ್ತಿದ್ದರು. ರಾಚಪ್ಪ ಪಕ್ಕದವನಿಗೆ ಹೊಸ ಕತ್ತರಿಯ ವಿಷಯ ಹೇಳುತ್ತಿದ್ದ. ಹಿರಿಯರು ಮೆಲ್ಲುತ್ತಿದ್ದರು, ಮೆಲ್ಲುತ್ತಲೇ ಇದ್ದರು. ಅಷ್ಟರಲ್ಲಿ ನೀರಿನ ಮೇಲೆ ಕೂದಲೆಳೆಯಂಥ ಒಂದು ಅಲೆ ಎದ್ದದ್ದನ್ನು ಕಂಡೆ. ಅಂಚಿನಲ್ಲಿ ಒಂದು ಹನಿ ಮೂಡಿತು, ತೂಗಿತು, ಬಿತ್ತು. ಬಿಳಿಯ ಕಲ್ಲಿನ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ.

ಯಾರೂ ನೋಡಲಿಲ್ಲ. ಈ ಊರಿನಲ್ಲಿ ಎವೆಯಿಕ್ಕದೆ ನೋಡುವ ಅಭ್ಯಾಸ ಯಾರಿಗೂ ಇಲ್ಲ. ಹಾಗೆ ನೋಡಬೇಕಾದರೆ ಏನೋ ಆದೀತೆಂದು ಮೊದಲು ಅನ್ನಿಸಬೇಕು. ಚುಕ್ಕೆಯನ್ನು ಮುಚ್ಚಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಎಣ್ಣೆ ಕುಡಿದು ಕಪ್ಪಾದ ದೊಡ್ಡ ಚಪ್ಪಲಿಯೊಂದು ಅದರ ಮೇಲೆ ಬಂದು ನಿಂತಿತ್ತು. ತಲೆಯೆತ್ತಿದರೆ ಗಾಣದ ಈರಪ್ಪ. ಅವನು ನನ್ನನ್ನು ನೋಡದೆ ಕೆರೆಯ ಕಡೆ ನೋಡುತ್ತ, “ಈ ಸಲ ಚೆನ್ನಾಗಿ ತುಂಬಿದೆ, ಅಲ್ವಾ ಮಂಗಳಮ್ಮ?” ಎಂದ.

“ತುಂಬಿದೆ ಈರಪ್ಪ” ಎಂದೆ.

ಹಿರಿಯರು ಎಲೆಯಡಿಕೆ ಉಗಿದು, “ಪೆಟ್ಟಿಗೆ ದೇವೀರಮ್ಮನ ಮನೇಲೇ ಇರ್ಲಿ” ಎಂದರು. ರಾಚಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ರಾತ್ರಿ ನಡುಮನೆಯಿಂದ ಟಕ್ ಎಂದು ಸಣ್ಣ ಸದ್ದು ಬಂತು. ಗೋಡೆ ಬೀರುವಿನ ಚಿಲಕ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಹಾಕಿದೆಯೋ ಇಲ್ಲವೋ ಎಂದು ಎದ್ದು ಬಂದು ನೋಡುವವರ ಸದ್ದು ಅದು. ನನಗೆ ಚೆನ್ನಾಗಿ ಗೊತ್ತು.

“ಏನದು?” ಎಂದರು ನನ್ನ ಗಂಡ.

“ಚಿಲಕ ಇರ್ಬೇಕು.”

ಅವರು ಮಗ್ಗುಲಾಗಿ ನನ್ನ ಮಣಿಕಟ್ಟು ಹಿಡಿದುಕೊಂಡರು. “ಇವತ್ತು ನಿನ್ನ ನಾಡಿ ಜೋರಾಗಿದೆ. ಕಟ್ಟೆ ಹತ್ರ ಹೆದರಿದ್ಯಾ? ಏನಾಯ್ತು, ಮೊದಲಿಂದ ಹೇಳು.”

ಹೇಳಿದ್ದರೆ ಅವರು ಪ್ರೀತಿಯಿಂದಲೇ ಕೇಳುತ್ತಿದ್ದರು. ಬೆಳಿಗ್ಗೆ ಅಷ್ಟೇ ಪ್ರೀತಿಯಿಂದ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಹಾಲಿನ ಜೊತೆಗೆ ಮನೆಮನೆಗೂ ಹಂಚಿ ಬರುತ್ತಿದ್ದರು. ಅತ್ತೆಯ ಕೋಣೆಯ ಕಡೆ ಹೆಜ್ಜೆಗಳು ಹೋದವು, ನಿಂತವು, ಮತ್ತೆ ಬೀರುವಿನ ಕಡೆಗೆ ಬಂದವು. ಈರಪ್ಪ ತಮ್ಮ ಸೆರಗು ಹಿಡಿದದ್ದನ್ನು ಅತ್ತೆ ಯಾರಿಗೂ ಹೇಳದಿದ್ದರೆ ಚೆನ್ನಾಗಿತ್ತು. ಅತ್ತೆ ನನ್ನ ಸೆರಗು ಹಿಡಿದದ್ದನ್ನು ನಾನಾದರೂ ಹೇಳುವುದು ಬೇಡ. ಯಾರಿಗೂ ಬೇಡ, ಇವರಿಗೂ ಬೇಡ ಎಂದುಕೊಂಡೆ.

“ಏನೂ ಆಗ್ಲಿಲ್ಲ ರೀ” ಎಂದೆ. “ಮಲಗಿ.”